ಹಳೆಯ ಹೊಲಿಗೆ ಮೇಜು ಎಲ್ಲಿಯದು? ಬೆಳಗಾವಿ ಕಡೆಯ ಮನೆಗಳಿಗೆ ಒಂದು ಸಮಗ್ರ ಮಾರ್ಗದರ್ಶಿ

ಬೆಳಗಾವಿ ಕ್ಯಾಂಪಿನ ಬಂಗಲೆಗಳಲ್ಲಿ, ಶಹಾಪುರದ ಹಳೆಯ ವಾಡೆಗಳಲ್ಲಿ, ಗುಜರಿ ಅಂಗಡಿಗಳ ಹಿಂದಿನ ಖೋಲಿಗಳಲ್ಲಿ ಆಗಾಗ ಒಂದು ಸಣ್ಣ ಮೇಜು ಕಣ್ಣಿಗೆ ಬೀಳುತ್ತದೆ. ಎತ್ತರ ಎರಡೂವರೆ ಅಡಿಯ ಒಳಗೆ, ಮೇಲೊಂದು ಮುಚ್ಚಳ. ಎತ್ತಿ ನೋಡಿದರೆ ಸೂಜಿ, ದಾರದ ರೀಲು, ಗುಂಡಿ, ಅಂಗುಸ್ತಾನ ಇಡಲು ಪುಟ್ಟ ಪುಟ್ಟ ಖಾನೆಗಳು. ಅದರ ಕೆಳಗೆ ಅರ್ಧ ಹೊಲಿದ ಬಟ್ಟೆ ತುರುಕಿಡಲು ಆಳವಾದ ಪೆಟ್ಟಿಗೆ, ಇಲ್ಲವೇ ರೇಷ್ಮೆ ಚೀಲ ತೂಗುತ್ತಿದ್ದ ಚೌಕಟ್ಟು. ಕಾಲುಗಳಿಗೆ ಎಲೆ ಬಳ್ಳಿಯ ಕೆತ್ತನೆ. ಇದು ಕೈಹೊಲಿಗೆಯ ಮೇಜು. ಹೊಲಿಗೆ ಯಂತ್ರ ಕೂಡಿಸಿದ ಟೇಬಲ್ ಬೇರೆ, ಅದರ ವಿಷಯ ಮುಂದೆ ಬರುತ್ತದೆ.

ಇಂಥ ಮೇಜು 18ನೇ ಶತಮಾನದ ಉತ್ತರಾರ್ಧದಲ್ಲಿ ಇಂಗ್ಲೆಂಡ್ ಮತ್ತು ಫ್ರಾನ್ಸಿನ ಅನುಕೂಲಸ್ಥರ ಮನೆಗಳಲ್ಲಿ ಬಳಕೆಗೆ ಬಂತು. 19ನೇ ಶತಮಾನದಲ್ಲಿ ಅದೇ ನಮೂನೆಯನ್ನು ಚೀನಾದ ಕ್ಯಾಂಟನ್, ನಮ್ಮ ಮುಂಬೈ, ವಿಶಾಖಪಟ್ಟಣ ಹೀಗೆ ಹಲವು ಊರಿನ ಕುಶಲಕರ್ಮಿಗಳು ತಮ್ಮ ಮರದಲ್ಲಿ, ತಮ್ಮ ಕೈಚಳಕದಲ್ಲಿ ಮಾಡತೊಡಗಿದರು. ಆಕಾರ ಒಂದೇ, ಹುಟ್ಟೂರು ಹತ್ತು. ಹಾಗಾಗಿ ನಮ್ಮೂರಿನಲ್ಲಿ ಸಿಗುವ ಒಂದೊಂದು ಮೇಜಿಗೂ ಮೂರು ನಾಲ್ಕು ಕಥೆ ಅಂಟಿಕೊಂಡಿರುತ್ತವೆ: ಮಡ್ಡಮ್ಮನದು (ಅಂದರೆ ಇಂಗ್ಲಿಷ್ ದೊರೆಸಾನಿಯದು), ಪೋರ್ಚುಗೀಸರದು, ಸಂಸ್ಥಾನದ ರಾಣಿಯದು.

ಬೆಳಗಾವಿಯಲ್ಲಿ ಈ ಕಥೆಗಳಲ್ಲಿ ಯಾವುದನ್ನೂ ಸುಮ್ಮನೆ ತಳ್ಳಿಹಾಕಲು ಬರುವುದಿಲ್ಲ. 1818ರಲ್ಲಿ ಕೋಟೆ ಬ್ರಿಟಿಷರ ಕೈಸೇರಿದ ಮೇಲೆ ಇಲ್ಲಿ ದಂಡಿನ ಪ್ರದೇಶ, ಅಂದರೆ ಕ್ಯಾಂಪು ಬೆಳೆಯಿತು. ಪಲ್ಟಣ ವರ್ಗವಾದಾಗ ಅಧಿಕಾರಿಗಳ ಸಾಮಾನು ಲಿಲಾವಿಗೆ ಬರುತ್ತಿತ್ತು. ಘಟ್ಟ ಇಳಿದರೆ ಗೋವಾ, ಅದು 1961ರವರೆಗೆ ಪೋರ್ಚುಗೀಸರ ಕೈಯಲ್ಲಿತ್ತು. ಊರಿಗೆ ಅಂಟಿಕೊಂಡೇ ಇದ್ದ ಶಹಾಪುರ ಸಾಂಗ್ಲಿ ಸಂಸ್ಥಾನಕ್ಕೆ ಸೇರಿತ್ತು. ಇಡೀ ಜಿಲ್ಲೆ 1956ರವರೆಗೆ ಮುಂಬೈ ಆಡಳಿತದಲ್ಲಿತ್ತು. ನಾಲ್ಕೂ ದಿಕ್ಕಿನಿಂದ ಸಾಮಾನು ಬರಲು ದಾರಿ ಇದ್ದ ಊರಿದು.

ನಾನು ಹೇಳಬೇಕೆಂದಿರುವುದು ಇಷ್ಟು: ಮೇಜಿನ ಮೇಲ್ಭಾಗ ಜನ ನೋಡಲೆಂದೇ ಮಾಡಿದ್ದು, ಅಲ್ಲಿ ಯಾವ ಊರಿನ ಕೆಲಸವನ್ನಾದರೂ ನಕಲು ಮಾಡಬಹುದು. ತಳವನ್ನು ಯಾರೂ ನೋಡುವುದಿಲ್ಲ ಎಂದು ಬಡಿಗೇರನಿಗೆ ಗೊತ್ತಿತ್ತು. ಅಲ್ಲಿ ಆತ ತನ್ನ ಊರಿನ ರೂಢಿಯಂತೆ, ಕೈಗೆ ಸಿಕ್ಕ ಮರದಲ್ಲಿ ಕೆಲಸ ಮುಗಿಸಿದ. ಆದ್ದರಿಂದ ತನಿಖೆ ತಳದಿಂದ ಶುರುವಾಗಬೇಕು, ಕೆತ್ತನೆ ಕೊನೆಗೆ ಬರಬೇಕು.

ಉದಾಹರಣೆಗೆ ಶಹಾಪುರದಲ್ಲಿರುವ ನಮ್ಮ ಸೋದರತ್ತೆಯ ಮನೆಯ ಮೇಜನ್ನೇ ಇಟ್ಟುಕೊಳ್ಳುತ್ತೇನೆ. ಎಂಟು ಮೂಲೆಯ ಮುಚ್ಚಳ, ಒಂಟಿ ಕಂಬ, ಅದರ ಬುಡದಲ್ಲಿ ಮೂರು ಪಾದ, ಕಂಬದ ಸುತ್ತ ದ್ರಾಕ್ಷಿ ಬಳ್ಳಿ.

ಹೆಜ್ಜೆ 1: ಒರೆಸುವ ಮೊದಲು ನೋಡಿ

ಮೇಜು ಕೈಗೆ ಬಂದ ಕೂಡಲೇ ಒದ್ದೆ ಬಟ್ಟೆ ಹಿಡಿಯುವುದು ನಮ್ಮೆಲ್ಲರ ಅಭ್ಯಾಸ. ದಯವಿಟ್ಟು ತಡೆಯಿರಿ. ಖಾನೆಯ ಮೂಲೆಯ ಧೂಳಿನಲ್ಲೇ ಸಾಕ್ಷಿ ಇರುತ್ತದೆ. ಒಂದು ಬಿಳಿ ಚಾದರ ಹಾಸಿ, ಖಾನೆಗಳ ತಟ್ಟೆಯನ್ನು ಅದರ ಮೇಲೆ ಮೆಲ್ಲಗೆ ಬೋರಲು ಹಾಕಿ, ಬಿದ್ದದ್ದನ್ನೆಲ್ಲ ಆರಿಸಿ. ತುಕ್ಕು ಹಿಡಿದ ಸೂಜಿ, ಸಿಂಪಿನ ಗುಂಡಿ, ಗುಳೇದಗುಡ್ಡ ಖಣದ ಚೂರು, ಕಸೂತಿಗೆ ಬಳಸಿದ ಬಣ್ಣದ ನೂಲು, ಏನೇ ಇರಲಿ, ಒಂದೊಂದನ್ನೂ ಬೇರೆ ಬೇರೆ ಕಾಗದದ ಲಕೋಟೆಯಲ್ಲಿ ಹಾಕಿ, ಯಾವ ಖಾನೆಯಲ್ಲಿ ಸಿಕ್ಕಿತೆಂದು ಮೇಲೆ ಬರೆಯಿರಿ.

ಇಲ್ಲೊಂದು ಎಚ್ಚರ ಬೇಕು. ಒಳಗೆ ಸಿಕ್ಕಿದ್ದು ಮೇಜನ್ನು ಯಾರು ಬಳಸಿದರು ಎಂದು ಹೇಳುತ್ತದೆ. ಎಲ್ಲಿ ಮಾಡಿದರು ಎಂದು ಹೇಳುವುದಿಲ್ಲ. ಸ್ಕಾಟ್ಲೆಂಡಿನ ಪೈಸ್ಲಿ ಊರಿನ ಕೋಟ್ಸ್ ಕಂಪನಿಯ ಚೀಟಿ ಇರುವ ಕಟ್ಟಿಗೆ ರೀಲು ಸಿಕ್ಕಿತೆಂದು ಮೇಜೂ ಅಲ್ಲಿಂದಲೇ ಬಂತು ಅನ್ನುವಂತಿಲ್ಲ. ಆ ದಾರ ಎಲ್ಲ ಬಜಾರಿನಲ್ಲೂ ಸಿಗುತ್ತಿತ್ತು. ಖಾನೆಗೆ ಹಾಸಿದ ಹಳೆಯ ಪತ್ರಿಕೆ ಸಿಕ್ಕರೆ ಕೀಳಬೇಡಿ, ಇದ್ದಲ್ಲೇ ಫೋಟೋ ತೆಗೆಯಿರಿ. ಕನ್ನಡವೋ ಮರಾಠಿಯೋ ಇಂಗ್ಲಿಷೋ ಎಂಬುದೂ ಒಂದು ಸುಳಿವು. ಬೆಲೆಯನ್ನು ಆಣೆಯಲ್ಲಿ ಬರೆದಿದ್ದರೆ ಆ ಬರಹ ಬಹುಮಟ್ಟಿಗೆ 1957ರ ಹಿಂದಿನದು. ಆ ವರ್ಷದ ಏಪ್ರಿಲ್ 1ರಿಂದ ನಯಾ ಪೈಸೆ ಬಂತು.

ಬೇಕಾಗುವ ಸಾಮಾನು ಹೆಚ್ಚೇನಿಲ್ಲ. ಬ್ಯಾಟರಿ, ಅಳತೆ ಟೇಪು, ಭೂತಗನ್ನಡಿ, ಚಿಕ್ಕ ಅಯಸ್ಕಾಂತ, ಪೆನ್ಸಿಲ್ಲು, ನೋಟ್‌ಬುಕ್ಕು, ಮೊಬೈಲ್ ಕ್ಯಾಮೆರಾ. ಖೋಟಾ ನೋಟು ನೋಡುವ ನೇರಳೆ ದೀಪ ಯಾವುದಾದರೂ ಅಂಗಡಿಯವರಲ್ಲಿ ಸಿಕ್ಕರೆ ಬಹಳ ಒಳ್ಳೆಯದು.

ಹೆಜ್ಜೆ 2: ಮನೆಯ ಹಿರಿಯರ ಮಾತು ಬರೆದುಕೊಳ್ಳಿ

"ಇದು ಎಲ್ಲಿಂದ ಬಂತು?" ಎಂದು ನೇರವಾಗಿ ಕೇಳಿದರೆ ಮನೆಯ ಸಿದ್ಧ ಕಥೆ ಬರುತ್ತದೆ. ಬೇರೆ ರೀತಿ ಕೇಳಬೇಕು. "ಅತ್ತಿ, ನೀವು ಲಗ್ನಾಗಿ ಬಂದಾಗ ಇದು ಯಾವ ಖೋಲಿಯೊಳಗ ಇತ್ತು? ಇದರ ಮ್ಯಾಲೆ ಏನಿಡ್ತಿದ್ರು? ಕೀಲಿ ಯಾರ ಹತ್ರ ಇರ್ತಿತ್ತು? ರಿಪೇರಿಗೆ ಯಾರನ್ನ ಕರಸ್ತಿದ್ರು?" ಇಂಥ ಪ್ರಶ್ನೆಗೆ ಜನ ಕಥೆ ಹೇಳುವುದಿಲ್ಲ, ಕಂಡದ್ದನ್ನು ಹೇಳುತ್ತಾರೆ.

ನಮ್ಮ ಅತ್ತೆ ಮೊದಲು "ಅದು ಸಾಂಗ್ಲಿ ಸರಕಾರದವರು ಕೊಟ್ಟದ್ದು" ಅಂದರು. ಕೀಲಿಯ ಮಾತು ಬಂದಾಗ ಬೇರೆಯೇ ನೆನಪಾಯಿತು: "ಕೀಲಿ ಎಂದೂ ಇರಲಿಲ್ಲವ್ವ. ಮಾಮಾರು ಕ್ಯಾಂಪಿನ ಲಿಲಾವದೊಳಗ ತಂದಾಗ ಕೀಲಿ ಇಲ್ಲದ್ದಕ್ಕ ಅಗ್ಗ ಸಿಕ್ಕಿತ್ತಂತ." ಎರಡೂ ಮಾತನ್ನು ಅವರ ಶಬ್ದದಲ್ಲೇ ಬರೆದಿಟ್ಟುಕೊಂಡೆವು. ಎರಡನೆಯದರಲ್ಲಿ ಬೆಲೆ, ಕಾರಣ, ಜಾಗ ಮೂರೂ ಇವೆ, ಆದ್ದರಿಂದ ನಾನು ಅದಕ್ಕೇ ಹೆಚ್ಚು ತೂಕ ಕೊಡುತ್ತೇನೆ. ಆದರೂ ಅದು ಮೇಜು ಈ ಮನೆಗೆ ಬಂದ ದಾರಿ ಮಾತ್ರ. ಕ್ಯಾಂಪಿಗೆ ಎಲ್ಲಿಂದ ಬಂತು ಎಂಬ ಪ್ರಶ್ನೆ ಹಾಗೇ ಉಳಿಯುತ್ತದೆ.

ಹೆಜ್ಜೆ 3: ತಿರುವಿ ಹಾಕಿ, ತಳ ಓದಿ

ಇಬ್ಬರು ಹಿಡಿದು, ಹಾಸಿಗೆಯ ಮೇಲೆ ಮೇಜನ್ನು ಮೆತ್ತಗೆ ಬೋರಲು ಮಲಗಿಸಿ. ಮುಚ್ಚಳವನ್ನು ದಾರದಿಂದ ಕಟ್ಟಿರಿ, ಇಲ್ಲದಿದ್ದರೆ ಬಿಜಾಗರಿ ಕಿತ್ತು ಬರುತ್ತದೆ. ಬ್ಯಾಟರಿ ಬೆಳಕನ್ನು ನೇರ ಬಿಡದೆ ಪಕ್ಕದಿಂದ ಓರೆಯಾಗಿ ಬಿಡಿ. ಆಗ ಮರದ ಮೇಲಿನ ಒಂದೊಂದು ಗೀರೂ ನೆರಳು ಚೆಲ್ಲಿ ಎದ್ದು ಕಾಣುತ್ತದೆ.

ಮೊದಲು ಗರಗಸದ ಗುರುತು. ಸಾಲಾಗಿ ಕಮಾನಿನಂತೆ ಬಾಗಿದ ಗೀರುಗಳಿದ್ದರೆ ಚಕ್ರ ಗರಗಸದಲ್ಲಿ ಕೊಯ್ದ ಹಲಗೆ. ಇಂಗ್ಲೆಂಡಿನ ಕಾರ್ಖಾನೆಗಳಲ್ಲಿ ಇದು 1830ರ ದಶಕದಿಂದ ಸಾಮಾನ್ಯವಾಯಿತು. ಗೀರುಗಳು ನೇರವಾಗಿ, ಒಂದರಿಂದ ಒಂದಕ್ಕೆ ಅಂತರ ಹೆಚ್ಚು ಕಡಿಮೆಯಾಗಿ ಇದ್ದರೆ ಕೈ ಗರಗಸದ ಕೆಲಸ. ಹಳೆಯ ಸಾಮಾನಿನ ಬಗ್ಗೆ ಬರುವ ಇಂಗ್ಲಿಷ್ ಬರಹಗಳಲ್ಲಿ "ಕೈ ಗರಗಸದ ಗುರುತಿದ್ದರೆ 1830ಕ್ಕೂ ಹಿಂದಿನದು" ಎಂಬ ಲೆಕ್ಕ ಸಿಗುತ್ತದೆ. ಆ ಲೆಕ್ಕ ಇಲ್ಲಿ ನಡೆಯುವುದಿಲ್ಲ. ನಮ್ಮ ಕಡೆ ಒಬ್ಬ ಮೇಲೆ, ಒಬ್ಬ ಕೆಳಗೆ ನಿಂತು ದಿಮ್ಮಿ ಕೊಯ್ಯುವ ಪದ್ಧತಿ 20ನೇ ಶತಮಾನದಲ್ಲೂ ನಡೆದಿತ್ತು. ಕೈಯಿಂದ ಕತ್ತರಿಸಿದ ಡವ್‌ಟೇಲ್ ಜೋಡಣೆಯೂ (ಪಾರಿವಾಳದ ಬಾಲದಾಕಾರದ ಹಲ್ಲುಗಳನ್ನು ಒಂದರಲ್ಲೊಂದು ಸಿಕ್ಕಿಸುವುದು) ಹಾಗೆಯೇ. ಯುರೋಪಿನಲ್ಲಿ 19ನೇ ಶತಮಾನದ ಕೊನೆಗೆ ಯಂತ್ರದ ಸಮಸಮನಾದ ಹಲ್ಲುಗಳು ಬಂದವು, ನಮ್ಮ ಬಡಿಗೇರರು ಉಳಿಯಿಂದ ಬಿಡಿಸುವುದನ್ನು ಇಂದಿಗೂ ಬಿಟ್ಟಿಲ್ಲ. ಅಂದರೆ ಕೈಕೆಲಸದ ಗುರುತು ಕಂಡಿತೆಂದು ಮೇಜಿಗೆ ವಯಸ್ಸು ಹಾಕಬೇಡಿ. ಯಂತ್ರದ ಗುರುತು ಕಂಡರೆ ಮಾತ್ರ "ಇದಕ್ಕಿಂತ ಹಿಂದಿನದಲ್ಲ" ಎಂದು ಒಂದು ಗೆರೆ ಎಳೆಯಬಹುದು.

ಆಮೇಲೆ ಮೇಲಿನ ಪೆಟ್ಟಿಗೆಗೂ ಕೆಳಗಿನ ಕಂಬಕ್ಕೂ ಹೊಂದಾಣಿಕೆ ಇದೆಯೋ ನೋಡಿ. ಒಂದು ಮೇಜಿನ ಮುಚ್ಚಳ, ಇನ್ನೊಂದು ಮೇಜಿನ ಕಾಲು ಕೂಡಿಸಿ ಮಾರುವುದು ಹಳೆಯ ವ್ಯಾಪಾರ. ತಳದ ಹಲಗೆಯಲ್ಲಿ ಬಳಕೆಯಿಲ್ಲದ ಸ್ಕ್ರೂ ತೂತುಗಳಿವೆಯೇ? ಹಿಂದೆ ಬೇರೆ ಆಕಾರದ ಕಂಬ ಕೂತಿದ್ದ ಜಾಗ ತಿಳಿಯಾಗಿ, ಸುತ್ತಲೂ ಕಪ್ಪಾಗಿ ಕಾಣುತ್ತದೆಯೇ? ಎರಡರಲ್ಲಿ ಒಂದಿದ್ದರೂ ಮೇಜಿಗೆ ಎರಡು ಹುಟ್ಟು ಎಂದು ತಿಳಿದು ಪ್ರತಿ ಭಾಗಕ್ಕೂ ಬೇರೆ ತನಿಖೆ ನಡೆಸಿ.

ಮುಚ್ಚಳ ದುಂಡಗಿದ್ದರೆ ಟೇಪು ಹಿಡಿದು ಮರದ ಎಳೆಯ ಗುಂಟ ಒಮ್ಮೆ, ಎಳೆಗೆ ಅಡ್ಡಲಾಗಿ ಒಮ್ಮೆ ಅಳೆಯಿರಿ. ಮರ ಒಣಗಿದಂತೆ ಅಡ್ಡಕ್ಕೆ ಕುಗ್ಗುತ್ತದೆ, ಉದ್ದಕ್ಕೆ ಕುಗ್ಗುವುದು ತೀರಾ ಕಡಿಮೆ. ಹಾಗಾಗಿ ಹಳೆಯ ಅಖಂಡ ಹಲಗೆಯ ದುಂಡು ಮುಚ್ಚಳ ಕೆಲವು ಮಿಲಿಮೀಟರಿನಷ್ಟು ಅಂಡಾಕಾರವಾಗಿರುತ್ತದೆ. ಎರಡೂ ಅಳತೆಯಲ್ಲಿ ಸಮವಾದ ದುಂಡು ಸಿಕ್ಕರೆ ಅನುಮಾನಪಡಿ.

ಅತ್ತೆಯ ಮೇಜಿನ ತಳದಲ್ಲೇ ನಮಗೆ ದೊಡ್ಡ ಸುಳಿವು ಸಿಕ್ಕಿತು. ಪೆಟ್ಟಿಗೆಯ ಅಡಿ ಹಲಗೆ ತಿಳಿ ಹಳದಿ ಬಣ್ಣದ ಹಗುರ ಮರ, ಗಂಟು ಗಂಟಾಗಿದೆ. ಪೈನ್. ಪೈನ್ ನಮ್ಮ ಸೀಮೆಯಲ್ಲಿ ಬೆಳೆಯುವುದಿಲ್ಲ. ಯುರೋಪಿನ ಬಡಿಗೇರರು ಖಾನೆಗಳ ತಳಕ್ಕೆ ಹೇರಳವಾಗಿ ಬಳಸುತ್ತಿದ್ದದ್ದೇ ಅದು. ಇಲ್ಲಿಗೆ ನಿಲ್ಲಿಸಿದ್ದರೆ "ಇಂಗ್ಲೆಂಡಿನದು" ಎಂದು ಷರಾ ಬರೆದು ಮುಗಿಸಬಹುದಿತ್ತು. ಓರೆ ಬೆಳಕು ಬಿಟ್ಟಾಗ ಹಲಗೆಯ ಮೇಲೆ ಅರ್ಧ ಕೊಯ್ದುಹೋದ ಕಪ್ಪು ಇಂಗ್ಲಿಷ್ ಅಕ್ಷರಗಳು ಕಂಡವು, ತಗಡಿನ ಅಚ್ಚು ಇಟ್ಟು ಮಸಿ ಬಳಿದಂಥವು. ಒಂದು ಅಕ್ಷರದ ಅರ್ಧ ಈ ಹಲಗೆಯಲ್ಲಿದೆ, ಉಳಿದರ್ಧ ಗರಗಸದ ಆಚೆ ಹೋಗಿದೆ. ಅದು ಹಡಗಿನಲ್ಲಿ ಬಂದ ಸರಕಿನ ಪೆಟ್ಟಿಗೆಯ ಹಲಗೆ. ಖಾಲಿ ಪೆಟ್ಟಿಗೆ ಒಡೆದು ಖಾನೆಯ ತಳಕ್ಕೆ ಹಾಕುವ ಕೆಲಸ ಸರಕು ಬಂದಿಳಿದ ಕಡೆ ಆಗುವಂಥದ್ದು. ಆ ಒಂದು ಅರ್ಧ ಅಕ್ಷರ ಮೇಜಿನ ಹುಟ್ಟೂರನ್ನು ಇಂಗ್ಲೆಂಡಿನಿಂದ ಈ ಕಡೆಗೆ ಎಳೆದು ತಂದಿತು.

ಹೆಜ್ಜೆ 4: ಮರ ಗುರುತಿಸಿ, ಆದರೆ ಮರದಿಂದ ಊರು ಹೇಳಬೇಡಿ

ಪಾಲಿಶ್ ತಾಗದ ಒಳಭಾಗ ಹುಡುಕಿ. ಸಾಗವಾನಿ ಹೊಂಬಣ್ಣದ ಕಂದು, ಕೈಗೆ ತುಸು ಎಣ್ಣೆ ಎಣ್ಣೆ, ಚರ್ಮದಂಥ ವಾಸನೆ. ಬೀಟೆ ಕಪ್ಪು ಕಂದು, ನೇರಳೆ ಗೆರೆ, ಎತ್ತಿದರೆ ಭಾರ. ನಮ್ಮ ಬಡಿಗೇರರಲ್ಲಿ ಕೆಲವರು ಇದನ್ನೇ ಶೀಸಂ ಅನ್ನುತ್ತಾರೆ, ಗೊಂದಲ ಬೇಡ. ಮಹಾಗನಿ ಕೆಂಪು ಕಂದು, ಬೀಟೆಗಿಂತ ಹಗುರ. ವಾಲ್ನಟ್ ಬೂದು ಮಿಶ್ರಿತ ಕಂದು. ಒಳಗಿನ ಹಲಗೆ ಹಳದಿಯಾಗಿದ್ದರೆ ಹಲಸಿನದೂ ಇರಬಹುದು.

ಖಾನಾಪುರ, ದಾಂಡೇಲಿ ಕಾಡಿನಲ್ಲಿ ಸಾಗವಾನಿ ಬೀಟೆ ಎರಡೂ ಬೆಳೆಯುತ್ತವೆ, ಆದ್ದರಿಂದ ಮೇಜೂ ಇಲ್ಲಿಯದೇ ಎಂದು ವಾದಿಸುವವರಿದ್ದಾರೆ. ದಿಮ್ಮಿ ದೂರ ಪ್ರಯಾಣ ಮಾಡುತ್ತದೆ. ಮಲಬಾರದ ಸಾಗವಾನಿ ಮುಂಬೈಗೆ, ಬರ್ಮಾದ ಸಾಗವಾನಿ ಇಂಗ್ಲೆಂಡಿಗೆ ಹೋಗುತ್ತಿತ್ತು. ಮರ ಯಾವುದೆಂಬುದಕ್ಕಿಂತ ಅದನ್ನು ಹೇಗೆ ಬಳಸಿದ್ದಾರೆ ಎಂಬುದೇ ಒಳ್ಳೆಯ ಸಾಕ್ಷಿ. ಅಗ್ಗದ ಮರದ ಮೇಲೆ ಬೆಲೆಬಾಳುವ ಮರದ ತೆಳು ಪದರ, ಅಂದರೆ ವೆನೀರ್ ಅಂಟಿಸುವುದು ಯುರೋಪಿನ ರೂಢಿ. ನಮ್ಮ ಮಳೆಗಾಲ, ಬೇಸಿಗೆಗಳ ಹೊಡೆತಕ್ಕೆ ಹಳೆಯ ಸರೇಸು ಅಂಟು ಬಿಟ್ಟುಕೊಳ್ಳುತ್ತದೆ, ಪದರ ಎದ್ದು ಸುರುಳಿಯಾಗುತ್ತದೆ. ಹಾಗಾಗಿ ಭಾರತದಲ್ಲಿ ಮಾಡಿದ ಸಾಮಾನು ಹೆಚ್ಚಾಗಿ ಅಖಂಡ ಮರದ್ದು. ಮುಚ್ಚಳದ ಅಂಚಿನಲ್ಲಿ ಮರದ ಎಳೆ ಮೇಲಿನಿಂದ ಪಕ್ಕಕ್ಕೆ ಹಾಗೇ ಹರಿದು ಬಂದಿದೆಯೋ, ಅಥವಾ ಒಂದು ಸಣ್ಣ ಗೆರೆಯ ಬಳಿ ತಟ್ಟನೆ ಬದಲಾಗುತ್ತದೆಯೋ ನೋಡಿದರೆ ಇದು ತಿಳಿಯುತ್ತದೆ. ವೆನೀರ್ ಒಂದೂವರೆ, ಎರಡು ಮಿಲಿಮೀಟರ್ ದಪ್ಪವಿದ್ದರೆ ಗರಗಸದಲ್ಲಿ ಕೊಯ್ದದ್ದು, ಹಳೆಯದು. ಕಾಗದದಷ್ಟು ತೆಳುವಾಗಿದ್ದರೆ ಯಂತ್ರದ ಅಲಗಿನಲ್ಲಿ ಸೀಳಿದ್ದು. ಪ್ಲೈವುಡ್ ಕಂಡರೆ 20ನೇ ಶತಮಾನ, ಅಥವಾ ಆಮೇಲಿನ ರಿಪೇರಿ.

ವಿಜಯಪುರ, ಬಾಗಲಕೋಟೆಯ ಓದುಗರಿಗೆ ಒಂದು ಮಾತು. ನಿಮ್ಮ ಕಡೆಯ ಒಣಹವೆಯಲ್ಲಿ ಹೊರಗಿನಿಂದ ಬಂದ ಮೇಜು ಬೆಳಗಾವಿಗಿಂತ ಬೇಗ ಸೀಳುತ್ತದೆ. ಸೀಳು ಕಂಡಿತೆಂದು ಅತಿ ಹಳೆಯದು ಎಂದುಕೊಳ್ಳಬೇಡಿ.

ಹೆಜ್ಜೆ 5: ಸ್ಕ್ರೂ, ಬೀಗ, ಗಾಲಿ

ನಮ್ಮ ಸೀಮೆಯ ಮೇಜುಗಳಿಗೆ ವಯಸ್ಸು ಹಾಕಲು ಇದಕ್ಕಿಂತ ಗಟ್ಟಿ ಸಾಕ್ಷಿ ನನಗೆ ಕಂಡಿಲ್ಲ. ಮರ ಇಲ್ಲಿಯದು, ಕೆಲಸ ಇಲ್ಲಿಯದು ಆದರೂ ಸ್ಕ್ರೂ ಮತ್ತು ಬೀಗ ಬಹುತೇಕ ವಿಲಾಯತಿಯಿಂದ ಬರುತ್ತಿದ್ದವು, ಅವುಗಳ ಕಾಲ ಗೊತ್ತಿದೆ. ನಿಯಮ ಸರಳ: ಮೇಜು ತನ್ನ ಮೂಲ ಭಾಗಗಳಲ್ಲಿ ಅತಿ ಹೊಸದಕ್ಕಿಂತ ಹಳೆಯದಾಗಿರಲು ಸಾಧ್ಯವಿಲ್ಲ.

ಬಿಜಾಗರಿಯ ಒಂದು ಸ್ಕ್ರೂ ಮಾತ್ರ ಬಿಚ್ಚಿ. ತುದಿ ಮೊಂಡಾಗಿ, ತಲೆಯ ಸೀಳು ಮಧ್ಯಕ್ಕೆ ಸರಿಯಾಗಿ ಬರದೆ ಓರೆಯಾಗಿ, ಸುತ್ತುಗಳು ಏರುಪೇರಾಗಿದ್ದರೆ 19ನೇ ಶತಮಾನದ ಮೊದಲರ್ಧದ ಸ್ಕ್ರೂ. ಚೂಪು ತುದಿಯ, ಸಮಸುತ್ತಿನ ಸ್ಕ್ರೂ ಬಂದದ್ದು 1840ರ ದಶಕದ ಕೊನೆಯಿಂದ ಈಚೆಗೆ. ತಲೆಯಲ್ಲಿ ನಕ್ಷತ್ರದಂಥ ಕೂಡುಗೆರೆ ಇದ್ದರೆ 1930ರ ದಶಕದ ಈಚಿನದು. ಬಿಚ್ಚಿದ ಸ್ಕ್ರೂ ತೂತಿಗೆ ಬಿಗಿಯಾಗಿ ಕೂಡುತ್ತದೆಯೇ, ತೂತಿನ ಸುತ್ತ ಕಡ್ಡಿ ತುರುಕಿದ ಗುರುತಿದೆಯೇ ನೋಡಿ. ಸಡಿಲವಾಗಿದ್ದರೆ ಅಥವಾ ಕಡ್ಡಿಯ ಗುರುತಿದ್ದರೆ ಅದು ಮೂಲ ಸ್ಕ್ರೂ ಅಲ್ಲ, ಲೆಕ್ಕಕ್ಕೆ ಹಿಡಿಯಬೇಡಿ.

ಬೀಗದ ಮುಖದ ಮೇಲೆ ಭೂತಗನ್ನಡಿ ಹಿಡಿಯಿರಿ. ಕಿರೀಟದ ಜೊತೆ ವಿ.ಆರ್. ಅಕ್ಷರಗಳಿದ್ದರೆ ವಿಕ್ಟೋರಿಯಾ ರಾಣಿಯ ಕಾಲ, 1837ರಿಂದ 1901. ಬ್ರಾಮಾ ಅಥವಾ ಚಬ್ ಎಂಬ ಹೆಸರಿದ್ದರೆ ಇಂಗ್ಲೆಂಡಿನ ಬೀಗ: ಬ್ರಾಮಾ ಬೀಗದ ಪೇಟೆಂಟ್ 1784ರದ್ದು, ಚಬ್ ಕಂಪನಿ 1818ರದ್ದು. ಹಿತ್ತಾಳೆಯ ಮೇಲೆ ವಜ್ರಾಕಾರದ ಚಿಕ್ಕ ಮುದ್ರೆ ಇದ್ದರೆ ಅದು ಬ್ರಿಟನ್ನಿನ ನೋಂದಾಯಿತ ವಿನ್ಯಾಸದ ಗುರುತು, 1842ರಿಂದ 1883ರವರೆಗೆ ಬಳಕೆಯಲ್ಲಿತ್ತು. 1884ರಿಂದ ಅದರ ಬದಲು ಬರೀ ನೋಂದಣಿ ಸಂಖ್ಯೆ ಹಾಕತೊಡಗಿದರು. ಪಾದದ ಗಾಲಿಗಳಲ್ಲೂ ಹೆಸರು ಒತ್ತಿರುತ್ತಾರೆ, ಮಣ್ಣು ತೆಗೆದು ನೋಡಿ. ಅಯಸ್ಕಾಂತ ಹಚ್ಚಿದಾಗ ಹಿತ್ತಾಳೆಯಂತೆ ಕಾಣುವ ಹಿಡಿಕೆ ಕಚ್ಚಿಕೊಂಡರೆ ಕಬ್ಬಿಣದ ಮೇಲೆ ಲೇಪ.

ಅತ್ತೆಯ ಮೇಜಿನ ಬೀಗದಲ್ಲಿ ಕಿರೀಟವೂ ವಿ.ಆರ್. ಕೂಡ ಇದೆ, ಬಿಜಾಗರಿಯ ಸ್ಕ್ರೂಗಳು ಚೂಪು ತುದಿಯವು, ತೂತು ಬಿಗಿ. ಅಂದರೆ 1850ರ ಆಸುಪಾಸಿನಿಂದ ಶತಮಾನದ ಕೊನೆಯವರೆಗೆ.

ಹೆಜ್ಜೆ 6: ಈಗ ಕೆತ್ತನೆ

ಇಷ್ಟಾದ ಮೇಲೆ ಅಲಂಕಾರ ನೋಡಿದರೆ ಅದು ನಮ್ಮನ್ನು ದಾರಿ ತಪ್ಪಿಸುವುದಿಲ್ಲ. ಬೆಳಗಾವಿಗೆ ಬಂದಿರಬಹುದಾದ ಮುಖ್ಯ ನಮೂನೆಗಳು ಇವು.

ಮುಂಬೈಯ ಕರಿ ಬೀಟೆ ಕೆಲಸ ನಮ್ಮ ಕಡೆಗೆ ಅತಿ ಹತ್ತಿರದ್ದು. 19ನೇ ಶತಮಾನದ ಮಧ್ಯದಲ್ಲಿ ಮೆಡೋಸ್ ಸ್ಟ್ರೀಟಿನ ಸುತ್ತ ಇದರ ಅಂಗಡಿಗಳಿದ್ದವು. ಅಖಂಡ ಬೀಟೆ, ಒಂದಿಂಚೂ ಖಾಲಿ ಬಿಡದಂತೆ ಬಳ್ಳಿ, ಎಲೆ, ಹೂವು. ಕೆಲವೆಡೆ ಬೆಳಕು ಆರುಪಾರು ಹಾಯುವಂತೆ ಜಾಲಿ ಕೊರೆತ. ಆಕಾರ ಯುರೋಪಿನದು, ಎಲೆಯ ಅಂಚು ಮಾತ್ರ ನಮ್ಮ ಶಿಲ್ಪಿಗಳದು. ಕಂಬದ ಹಿಂಬದಿಯಲ್ಲಿ, ಗೋಡೆಗೆ ತಾಗುವ ಕಡೆ ಉಳಿಯ ಪೆಟ್ಟುಗಳನ್ನು ಹಾಗೇ ಬಿಟ್ಟಿರುವುದೂ ಉಂಟು.

ಮುಂಬೈ ಮತ್ತು ಸೂರತ್ತಿನದೇ ಇನ್ನೊಂದು ಕೆಲಸ ಸದೇಲಿ. ದಂತ, ಎಲುಬು, ಕರಿಮರ, ತವರದ ಸಣ್ಣ ಕಡ್ಡಿಗಳನ್ನು ಕಟ್ಟುಕಟ್ಟಾಗಿ ಅಂಟಿಸಿ, ಅಡ್ಡಲಾಗಿ ತೆಳು ಬಿಲ್ಲೆ ಕೊಯ್ದು, ಅವುಗಳನ್ನು ಮರದ ಮೇಲೆ ಹಾಸುತ್ತಾರೆ. ಹತ್ತಿರದಿಂದ ನೋಡಿದರೆ ಸಾಸಿವೆ ಗಾತ್ರದ ತ್ರಿಕೋನಗಳು ಕೂಡಿ ನಕ್ಷತ್ರವಾಗಿರುವುದು ಕಾಣುತ್ತದೆ. ವಿಶಾಖಪಟ್ಟಣದ್ದು ಬೇರೆ: ದಂತದ ಹಾಳೆಯ ಮೇಲೆ ಸೂಜಿಮೊನೆಯಿಂದ ಹೂಬಳ್ಳಿ ಗೀರಿ, ಗೀರಿನಲ್ಲಿ ಕಪ್ಪು ಅರಗು ತುಂಬಿರುತ್ತಾರೆ. ಒಳಗಿನ ಮರ ಹಲವು ಸಲ ಶ್ರೀಗಂಧ, ಮುಚ್ಚಳ ತೆಗೆದರೆ ಇಂದಿಗೂ ಘಮ ಬರಬಹುದು. ಶ್ರೀಗಂಧವನ್ನೇ ಕೆತ್ತಿದ್ದರೆ ಸೊರಬ, ಸಾಗರ, ಕುಮಟಾ ಕಡೆಯ ಗುಡಿಗಾರರನ್ನು ನೆನೆಯಬೇಕು. ಅವರ ಕೆಲಸದಲ್ಲಿ ಬಳ್ಳಿಯ ನಡುವೆ ದೇವರು, ಪ್ರಾಣಿ, ಪಕ್ಷಿ ಒತ್ತೊತ್ತಾಗಿ ಬರುತ್ತವೆ.

ಗೋವಾದ ಹಳೆಯ ಇಂಡೋ ಪೋರ್ಚುಗೀಸ್ ಸಾಮಾನಿನಲ್ಲಿ ಸಾಗವಾನಿಯ ಮೇಲೆ ಕರಿಮರ, ದಂತದ ಕುಸುರಿ ಇರುತ್ತದೆ, ವೃತ್ತದೊಳಗೆ ವೃತ್ತ ಹೆಣೆದ ವಿನ್ಯಾಸ ಬಹಳ. ಅದು 17ನೇ ಶತಮಾನದ ವೈಭವ. ಹೊಲಿಗೆ ಮೇಜಿನ ಕಾಲ ಅದಕ್ಕಿಂತ ಎಷ್ಟೋ ಈಚಿನದು. ಹಾಗಾಗಿ ಈ ಕುಸುರಿ ಹೊಲಿಗೆ ಮೇಜಿನ ಮೇಲೆ ಕಂಡರೆ ನಂತರದ ಕಾಲದ ಅನುಕರಣೆ ಎಂದು ಮೊದಲು ಯೋಚಿಸಬೇಕು. ಸಾವಂತವಾಡಿಯ ಚಿತಾರಿಗಳದ್ದು ಅರಗಿನ ಬಣ್ಣದ ಚಿತ್ರಕೆಲಸ, ಕೆತ್ತನೆಯಲ್ಲ. ಅದನ್ನು ಚೀನಾದ ಕ್ಯಾಂಟನ್ ಮೇಜಿನೊಂದಿಗೆ ಕಲಸಬೇಡಿ: ಕ್ಯಾಂಟನ್ನಿನದು ಹೊಳೆಯುವ ಕಪ್ಪು ಲೇಪದ ಮೇಲೆ ಬಂಗಾರದ ಗೆರೆಯಲ್ಲಿ ಮನೆ, ಸೇತುವೆ, ಚೀನೀ ಜನ, ಪಾದ ಉಗುರಿನ ಪಂಜ, ಒಳಗೆ ದಂತದ ಸಣ್ಣ ಹೊಲಿಗೆ ಸಾಮಾನು, ಕೆಳಗೆ ರೇಷ್ಮೆ ಚೀಲ.

ನಿಜವಾದ ಇಂಗ್ಲಿಷ್ ಮೇಜು ಇವೆಲ್ಲಕ್ಕಿಂತ ಸರಳವಾಗಿರುತ್ತದೆ. ವಿಕ್ಟೋರಿಯಾ ಕಾಲದ ಒಂದು ಜನಪ್ರಿಯ ನಮೂನೆ ಮೇಲೆ ಅಗಲ, ಕೆಳಗೆ ಕಿರಿದಾದ ಕಹಳೆಯ ಆಕಾರದ್ದು, ವಾಲ್ನಟ್ ವೆನೀರಿನದು.

ಹೆಜ್ಜೆ 7: ಬಿಳಿ ಕುಸುರಿ ಇದ್ದರೆ ಕಾನೂನು ನೋಡಿ

ಬಿಳಿ ಭಾಗದ ತುದಿಯನ್ನು ಭೂತಗನ್ನಡಿಯಲ್ಲಿ ನೋಡಿ. ಒಂದನ್ನೊಂದು ಕತ್ತರಿಸುವ ಬಲೆಯಂಥ ಬಾಗುಗೆರೆಗಳಿದ್ದರೆ ಆನೆ ದಂತ. ಸಣ್ಣ ಕಪ್ಪು ಚುಕ್ಕೆ, ಗೀಟುಗಳಿದ್ದರೆ ಎಲುಬು. ಏನೂ ಇಲ್ಲದೆ ನುಣುಪಾಗಿದ್ದರೆ ಪ್ಲಾಸ್ಟಿಕ್ ಇರಬಹುದು. ಕಾದ ಸೂಜಿ ಚುಚ್ಚಿ ನೋಡುವ ಪರೀಕ್ಷೆ ಮಾಡಬೇಡಿ, ಸಾಮಾನು ಹಾಳಾಗುತ್ತದೆ.

ದಂತ ಅನಿಸಿದರೆ ಮಾರುವ, ಕೊಳ್ಳುವ ಮಾತು ಬಿಡಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ದಂತದ ವ್ಯಾಪಾರ ನಿಷಿದ್ಧ. ಮನೆಯಲ್ಲಿ ಇಟ್ಟುಕೊಳ್ಳುವ ಬಗ್ಗೆಯೂ ಅರಣ್ಯ ಇಲಾಖೆಯಲ್ಲಿ ವಿಚಾರಿಸಬೇಕು. ದಂತವಿಲ್ಲದಿದ್ದರೂ ನೂರು ವರ್ಷ ದಾಟಿದ ಕಲಾಕೃತಿ, ಕುಶಲಕೆಲಸಗಳು 1972ರ ಪುರಾವಸ್ತು ಕಾಯ್ದೆಯ ವ್ಯಾಪ್ತಿಗೆ ಬರುತ್ತವೆ. ಅವನ್ನು ಖಾಸಗಿಯವರು ವಿದೇಶಕ್ಕೆ ಕಳಿಸುವಂತಿಲ್ಲ, ವ್ಯಾಪಾರ ಮಾಡಲು ಪರವಾನಗಿ ಬೇಕು. ಅನುಮಾನವಿದ್ದರೆ ಭಾರತೀಯ ಪುರಾತತ್ವ ಇಲಾಖೆಯ ಧಾರವಾಡ ವಲಯ ಕಚೇರಿಯಲ್ಲಿ ಕೇಳಬಹುದು.

ಹೆಜ್ಜೆ 8: ಪಾಲಿಶ್ ಮತ್ತು ರಿಪೇರಿಯ ಗುರುತು

ನೇರಳೆ ದೀಪವನ್ನು ಕತ್ತಲೆ ಖೋಲಿಯಲ್ಲಿ ಹಿಡಿದರೆ ಅರಗಿನ ಪಾಲಿಶ್ ಕಿತ್ತಳೆ ಬಣ್ಣದಲ್ಲಿ ಹೊಳೆಯುತ್ತದೆ. ಅಲ್ಲಲ್ಲಿ ಹೊಳಪು ತಪ್ಪಿದ ತೇಪೆ ಕಂಡರೆ ಅಲ್ಲಿ ನಂತರ ಕೈಯಾಡಿದೆ. ದೀಪ ಇಲ್ಲದಿದ್ದರೆ ಕಾಣದ ಮೂಲೆಯಲ್ಲಿ ಹತ್ತಿಯ ತುದಿಗೆ ಒಂದು ಹನಿ ಸ್ಪಿರಿಟ್ ಹಚ್ಚಿ ತಾಗಿಸಿ. ಅಂಟಂಟಾದರೆ ಅರಗು, ಜಗ್ಗದಿದ್ದರೆ ಆಧುನಿಕ ವಾರ್ನಿಶ್. ಜೋಡಣೆಯ ಸಂದಿನಲ್ಲಿ ಕಂದು ಗಾಜಿನಂಥ ಒಡೆಯುವ ಅಂಟು ಇದ್ದರೆ ಹಳೆಯ ಸರೇಸು. ಬಿಳಿಯಾಗಿ ಅಥವಾ ಪಾರದರ್ಶಕವಾಗಿ, ರಬ್ಬರಿನಂತೆ ಬಾಗುವ ಅಂಟು ಇದ್ದರೆ ಫೆವಿಕಾಲ್ ಜಾತಿಯದು, 1959ರ ಈಚಿನ ಕೈ.

ಶುಚಿ ಮಾಡುವುದಾದರೆ ಈಗ ಮಾಡಿ. ಮೆತ್ತನೆ ಕುಂಚ, ಒಣ ಹತ್ತಿ ಬಟ್ಟೆ, ಅಷ್ಟೇ. ಪಾಲಿಶ್ ಕಾಗದ ತಾಗಿಸುವುದನ್ನು ನಾನು ಬಲವಾಗಿ ವಿರೋಧಿಸುತ್ತೇನೆ. ಒಮ್ಮೆ ಉಜ್ಜಿದರೆ ಗರಗಸದ ಗೀರು, ಪೆನ್ಸಿಲ್ಲಿನ ಬರಹ, ಕೈ ತಾಗಿ ಬಂದ ಹೊಳಪು ಎಲ್ಲ ಹೋಗುತ್ತವೆ, ಮತ್ತೆ ಬರುವುದಿಲ್ಲ. ತೂತುಗಳ ಕೆಳಗೆ ಹೊಸ ಹುಡಿ ಬಿದ್ದಿದ್ದರೆ ಹುಳ ಇನ್ನೂ ಜೀವಂತ, ಮೇಜನ್ನು ಬೇರೆ ಸಾಮಾನುಗಳಿಂದ ದೂರ ಇಟ್ಟು ಕೀಟ ನಿಯಂತ್ರಣದವರನ್ನು ಕರೆಸಿ. ರೇಷ್ಮೆ ಚೀಲ ಮುಟ್ಟಿದರೆ ಪುಡಿಯಾಗುವ ಸ್ಥಿತಿಯಲ್ಲಿದ್ದರೆ ಕತ್ತರಿಸಿ ಎಸೆಯಬೇಡಿ, ಕಳಚಿ ಬಿಳಿ ಬಟ್ಟೆಯಲ್ಲಿ ಮಡಿಕೆಯಿಲ್ಲದಂತೆ ಸುತ್ತಿಡಿ. ಇಳಕಲ್ ಸೀರೆಯ ತುಂಡಿನಿಂದ ಯಾರೋ ಹೊಸ ಅಸ್ತರು ಕೊಟ್ಟಿದ್ದರೆ ಅದನ್ನೂ ಉಳಿಸಿ, ಅದು ಈ ಮನೆಯ ಹೆಣ್ಣುಮಕ್ಕಳ ಕೈಗುರುತು.

ಹೆಜ್ಜೆ 9: ಯಂತ್ರದ ಟೇಬಲ್ ಆಗಿದ್ದರೆ

ಮೇಲ್ಹಲಗೆಯಲ್ಲಿ ಯಂತ್ರ ಇಳಿಸುವ ಕಂಡಿ, ಕೆಳಗೆ ತುಳಿಯುವ ಕಬ್ಬಿಣದ ಪೆಡಲು ಇದ್ದರೆ ಕೆಲಸ ಸುಲಭ. ಸಿಂಗರ್ ಯಂತ್ರದ ಮೈಮೇಲೆ ಸಂಖ್ಯೆ ಒತ್ತಿರುತ್ತದೆ. ಬರೀ ಅಂಕಿ ಇದ್ದರೆ ಸಾಮಾನ್ಯವಾಗಿ 1900ಕ್ಕೂ ಹಿಂದಿನದು, ಮುಂದೆ ಅಕ್ಷರ ಇದ್ದರೆ ಆಮೇಲಿನದು. ಸ್ಕಾಟ್ಲೆಂಡಿನ ಕ್ಲೈಡ್‌ಬ್ಯಾಂಕಿನಲ್ಲಿ ಸಿಂಗರ್ ಕಂಪನಿಯ ದೊಡ್ಡ ಕಾರ್ಖಾನೆ 1885ರಲ್ಲಿ ಶುರುವಾಯಿತು. ಯಂತ್ರ, ಕಬ್ಬಿಣದ ಕಾಲು, ಕಟ್ಟಿಗೆ ಮೂರೂ ಒಂದೇ ಕಾಲದವೇ ಎಂದು ಬೇರೆ ಬೇರೆಯಾಗಿ ನೋಡಿ. ಕಬ್ಬಿಣದ ಕಾಲಿನ ಮೇಲೆ ಹೊಸ ಹಲಗೆ ಕೂಡಿಸುವುದು ಈಗ ಬಹಳ ನಡೆದಿದೆ.

ಹೆಜ್ಜೆ 10: ಹೋಲಿಸಿ ನೋಡಿ

ಫೋಟೋದಲ್ಲಿ ಕಾಣದ್ದು ಎದುರು ನಿಂತರೆ ಕಾಣುತ್ತದೆ. ಮುಂಬೈಗೆ ಹೋದಾಗ ಭಾಯಿಖಳಾದ ಡಾ. ಭಾವು ದಾಜಿ ಲಾಡ್ ವಸ್ತುಸಂಗ್ರಹಾಲಯ ನೋಡಿ, ಮುಂಬೈ ಪ್ರಾಂತದ ಕೈಕಸುಬುಗಳು ಅಲ್ಲಿವೆ. ಗೋವಾದ ಚಾಂದೋರಿನ ಮೆನೆಜಿಸ್ ಬ್ರಗಾಂಜಾ ಮನೆಯಲ್ಲಿ ಕುಟುಂಬವೊಂದು ಬಳಸಿದ ಸಾಮಾನು ಇದ್ದಲ್ಲೇ ಇದೆ. ಸಾವಂತವಾಡಿಯ ಅರಮನೆಯಲ್ಲಿ ಅರಗಿನ ಚಿತ್ರಕೆಲಸ ಇಂದಿಗೂ ನಡೆಯುತ್ತದೆ. ಹೈದರಾಬಾದಿನ ಸಾಲಾರ್ ಜಂಗ್‌ನಲ್ಲಿ ಯುರೋಪಿನ ಪೀಠೋಪಕರಣಗಳಿವೆ. ಬೆಳಗಾವಿ ಸೀಮೆಯ ಕಸುಬುದಾರರ ಬಗ್ಗೆ ಓದಬೇಕೆಂದರೆ 1884ರ ಮುಂಬೈ ಪ್ರಾಂತದ ಗೆಜೆಟಿಯರಿನ ಬೆಳಗಾವಿ ಸಂಪುಟವಿದೆ, ಅದೇ ವರ್ಷದ ವಿಜಾಪುರ ಸಂಪುಟದಲ್ಲಿ ಬಾಗಲಕೋಟೆ ಕಡೆಯೂ ಸೇರಿದೆ.

ಹೋಲಿಸುವಾಗ ಮೇಲಿನ ಹೂವು ಬಿಟ್ಟು ಪಾದ ಮತ್ತು ಕಂಬ ಕೂಡುವ ಸಂದು, ಖಾನೆಗಳ ಅಡ್ಡಪಟ್ಟಿ ಕೂಡಿಸಿದ ರೀತಿ, ಮುಚ್ಚಳದ ಅಂಚಿನ ದಪ್ಪ ಇವನ್ನು ನೋಡಿ. ಕಾವಲುಗಾರರು ಬಗ್ಗಿ ನೋಡಲು ಬಿಟ್ಟರೆ ತಳವನ್ನೂ ನೋಡಿ.

ಹೆಜ್ಜೆ 11: ಗೊತ್ತಿದ್ದಷ್ಟನ್ನೇ ಬರೆದಿಡಿ

ಒಂದು ದಪ್ಪ ಕಾಗದದ ಮೇಲೆ ಮೂರು ಭಾಗ ಮಾಡಿ: ಕಣ್ಣಾರೆ ಕಂಡದ್ದು, ಅದರಿಂದ ಊಹಿಸಿದ್ದು, ಮನೆಯವರು ಹೇಳಿದ್ದು. ಮೂರನ್ನೂ ಕಲಸಬಾರದು. ಇಂದು ನಾವು ಊಹೆಯನ್ನು ಸತ್ಯದಂತೆ ಬರೆದರೆ ಮುಂದಿನ ತಲೆಮಾರಿಗೆ ಅದೇ ಹೊಸ ಕಥೆಯಾಗಿ ಹೋಗುತ್ತದೆ. ಅತ್ತೆಯ ಮೇಜಿನ ಕಾರ್ಡಿನಲ್ಲಿ ಇರುವುದು ಇಷ್ಟು:

"ಕಂಡದ್ದು: ಅಖಂಡ ಬೀಟೆ, ಕೈ ಕೆತ್ತನೆ. ಪೆಟ್ಟಿಗೆಯ ತಳ ಪೈನ್, ಸರಕಿನ ಪೆಟ್ಟಿಗೆಯ ಹಲಗೆ, ಅರ್ಧ ಅಕ್ಷರಗಳಿವೆ. ವಿ.ಆರ್. ಬೀಗ, ಕೀಲಿ ಇಲ್ಲ. ಚೂಪು ತುದಿಯ ಸ್ಕ್ರೂ, ಮೂಲದ್ದು. ಪೆಟ್ಟಿಗೆ, ಕಂಬ ಒಂದೇ ಮೇಜಿನವು. ಊಹೆ: ಭಾರತದಲ್ಲಿ, ಬಹುಶಃ ಮುಂಬೈ ಪ್ರಾಂತದಲ್ಲಿ ಮಾಡಿದ್ದು, 1850ರಿಂದ 1900ರ ಆಸುಪಾಸು. ಮಾಡಿದ ಊರು ಗೊತ್ತಿಲ್ಲ. ಹೇಳಿದ್ದು: ಒಂದು, ಸಾಂಗ್ಲಿ ಸಂಸ್ಥಾನದ ಉಡುಗೊರೆ. ಎರಡು, ಮಾಮಾರು ಕ್ಯಾಂಪಿನ ಲಿಲಾವದಲ್ಲಿ ಕೊಂಡದ್ದು."

ಕಾರ್ಡನ್ನು ಮೇಜಿಗೆ ಅಂಟಿಸಬೇಡಿ, ಟೇಪು ಹಚ್ಚಬೇಡಿ. ಲಕೋಟೆಯಲ್ಲಿ ಹಾಕಿ, ಹತ್ತಿ ದಾರದಿಂದ ಪೆಟ್ಟಿಗೆಯೊಳಗಿನ ಅಡ್ಡಪಟ್ಟಿಗೆ ಸಡಿಲವಾಗಿ ಕಟ್ಟಿ. ಫೋಟೋಗಳ ಒಂದು ಪ್ರತಿ ಮನೆಯ ಇನ್ನೊಬ್ಬರ ಮೊಬೈಲಿನಲ್ಲೂ ಇರಲಿ. ಹೊಸ ಸುಳಿವು ಸಿಕ್ಕಾಗ ಹಳೆಯ ಸಾಲು ಅಳಿಸದೆ, ಕೆಳಗೆ ತಾರೀಖು ಹಾಕಿ ಸೇರಿಸುತ್ತ ಹೋಗಿ.